ಕುಡಿ ಚಿವುಟುವ ವಿಜ್ಞಾನ

ಮಲೆನಾಡಿನ ತೀರ್ಥಹಳ್ಳಿಯಾಗಲಿ, ಹೊಸನಗರವಾಗಲಿ, ಸಾಗರವಾಗಲಿ, ಗೊಬ್ಬರದ ಅಂಗಡಿಗಳಲ್ಲಿ ಒಂದು ಕಪಾಟು ಮಾತ್ರ ಎಲ್ಲ ಕಡೆಯೂ ಒಂದೇ ಥರ ಇರುತ್ತದೆ. ಕೆಳಗೆ ಮೈಲುತುತ್ತ ಮತ್ತು ಸುಣ್ಣದ ಚೀಲ. ಅವುಗಳ ಮೇಲೆ, ಅಂಗಡಿಯವರ ಕೈಗೆ ಸುಲಭವಾಗಿ ಎಟಕುವ ಎತ್ತರದಲ್ಲಿ, ಹೂವು ಹಣ್ಣುಗಳ ಚಿತ್ರ ಅಂಟಿಸಿಕೊಂಡ ಸಣ್ಣ ಸಣ್ಣ ಬಾಟಲಿಗಳು. ‘ಗಿಡ ಚೆನ್ನಾಗಿದೆ, ಹೂವೇ ಬಿಡ್ತಾ ಇಲ್ಲ, ಎಂತಾದ್ರೂ ಟಾನಿಕ್ ಕೊಡಿ ಮಾರಾಯ್ರೆ’ ಎಂದರೆ ಸಾಕು, ಅದರಲ್ಲೊಂದು ಕೆಳಗಿಳಿಯುತ್ತದೆ. ಒಳಗೇನಿದೆ ಎಂದು ಕೇಳುವವರು ಕಡಿಮೆ. ಕೇಳಿದರೂ ಹೇಳಬಲ್ಲವರು ಇನ್ನೂ ಕಡಿಮೆ.

ಒಳಗಿರುವುದು ಒಂದೇ ಜಾತಿಯ ವಸ್ತುವಲ್ಲ. ಒಂದು ಬಾಟಲಿಯಲ್ಲಿ ಜಿಬ್ಬರೆಲಿಕ್ ಆಮ್ಲವಿದ್ದರೆ ಇನ್ನೊಂದರಲ್ಲಿ ಎನ್‌ಎಎ ಎಂಬ ಆಕ್ಸಿನ್, ಮತ್ತೊಂದರಲ್ಲಿ ಎಥೆಫಾನ್. ಕೆಲವದರಲ್ಲಿ ಗಿಡಗಳ ಮೇಣದಲ್ಲಿ ಸಿಗುವ ಟ್ರಯಾಕಾಂಟನಾಲ್. ಇವೆಲ್ಲ ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಿ ಮಾರಾಟಕ್ಕೆ ಬರಬೇಕಾದ ಪದಾರ್ಥಗಳು. ಸಮುದ್ರಪಾಚಿಯ ಸಾರ, ಅಮೈನೊ ಆಮ್ಲ, ಹ್ಯೂಮಿಕ್ ಆಮ್ಲದಂಥವು ಬೇರೆ ಗುಂಪು. ಜೈವಿಕ ಉತ್ತೇಜಕಗಳೆಂದು ಅವನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದರು. ಅಲ್ಲಿಯವರೆಗೆ ಅವುಗಳಿಗೆ ಹೇಳುವವರು ಕೇಳುವವರು ಇರಲಿಲ್ಲವೆಂದರೂ ತಪ್ಪಿಲ್ಲ. ಹಾಗಾಗಿ ಬಾಟಲಿ ತಿರುಗಿಸಿ, ಸಣ್ಣ ಅಕ್ಷರದಲ್ಲಿ ಬರೆದ ಹೆಸರು ಮತ್ತು ಶೇಕಡಾವಾರು ಪ್ರಮಾಣ ಓದುವುದು ಮೊದಲ ಕೆಲಸ. ಅದೇ ಇಲ್ಲದ ಬಾಟಲಿಯನ್ನು ಇದ್ದಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಮೊದಲ ಗುಂಪಿನವು ಗಿಡದ ಹಾರ್ಮೋನಿನ ಬಳಗದವು. ಹಾರ್ಮೋನು ಎಂದರೆ ಆಹಾರವಲ್ಲ. ಯೂರಿಯಾ, ಪೊಟ್ಯಾಷ್ ಹಾಕಿದರೆ ಗಿಡದ ಒಡಲಿಗೆ ಏನೋ ಸೇರುತ್ತದೆ. ಹಾರ್ಮೋನಿನಿಂದ ಸೇರುವುದು ಏನೂ ಇಲ್ಲ, ಲೀಟರು ನೀರಿನಲ್ಲಿ ಮಿಲಿಗ್ರಾಂಗಳ ಲೆಕ್ಕದಲ್ಲಿರುವ ಪದಾರ್ಥದಿಂದ ಏನು ಸೇರೀತು? ಅದು ಗಿಡದ ಒಂದು ಭಾಗ ಇನ್ನೊಂದು ಭಾಗಕ್ಕೆ ಕಳಿಸುವ ಕರೆಯೋಲೆ. ಕರೆಯೋಲೆ ಮುಟ್ಟಿದ ಮಾತ್ರಕ್ಕೆ ಊಟ ಬಡಿಸಿದಂತಾಗುವುದಿಲ್ಲ. ಅಡಿಗೆಮನೆಯಲ್ಲಿ ಸಾಮಾನು ಇರಬೇಕು, ಇಲ್ಲವಾದರೆ ಕರೆದವರಿಗೇ ಮುಜುಗರ. ಹೂ ಬಿಡದ ಗಿಡಕ್ಕೆ ಬಿಸಿಲಿಲ್ಲ, ಬೇರು ನೀರಲ್ಲಿ ನಿಂತಿದೆ ಎಂದಾಗ ಬಾಟಲಿ ಸುರಿದರೂ ಏನೂ ಆಗದಿರುವುದು ಇದಕ್ಕೇ.

ಈ ಕರೆಯೋಲೆಗಳನ್ನು ಮನುಷ್ಯ ಓದಲು ಕಲಿತದ್ದು ತೀರಾ ಈಚೆಗೆ. ಹುಲ್ಲಿನ ಮೊಳಕೆ ಬೆಳಕಿನ ಕಡೆ ಬಾಗುವುದಕ್ಕೆ ತುದಿಯಿಂದ ಕೆಳಗಿಳಿಯುವ ಏನೋ ಒಂದು ಕಾರಣವೆಂದು ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ ಸೇರಿ 1880ರಲ್ಲಿ ಬರೆದ. ಆ ‘ಏನೋ ಒಂದು’ ಆಕ್ಸಿನ್ ಎಂದು ಗೊತ್ತಾಗಲು ಸುಮಾರು ಅರ್ಧ ಶತಮಾನ ಹಿಡಿಯಿತು. 1901ರಲ್ಲಿ ರಷ್ಯಾದ ನೆಲ್ಜುಬೋವ್ ಎಂಬಾತ ಗ್ಯಾಸ್ ದೀಪದಿಂದ ಸೋರುವ ಎಥಿಲೀನ್ ಅನಿಲಕ್ಕೆ ಬಟಾಣಿ ಸಸಿಗಳು ಸೊಟ್ಟಗಾಗುವುದನ್ನು ಕಂಡುಹಿಡಿದ. ಭತ್ತದ ರೈತರಿಗೆ ಹತ್ತಿರವಾಗುವ ಕತೆ ಜಿಬ್ಬರೆಲಿನ್‌ನದು. ಕೆಲವು ಸಸಿಗಳು ಮಾತ್ರ ಪೈರಿನ ಮೇಲೆ ತಲೆ ಎತ್ತಿ, ಸಪೂರಾಗಿ, ಬಿಳಚಿಕೊಂಡು, ಕೊನೆಗೆ ಕಾಳು ಕಟ್ಟದೆ ಮಲಗುವ ರೋಗವೊಂದಿದೆ. 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಕುರೊಸಾವ, ಆ ರೋಗ ತರುವ ಶಿಲೀಂಧ್ರವನ್ನು ಬೆಳೆಸಿದ ರಸವನ್ನು ಸೋಸಿ ಆರೋಗ್ಯವಂತ ಸಸಿಗೆ ಹಾಕಿದರೂ ಅದು ಹಾಗೇ ಉದ್ದವಾಗುವುದನ್ನು ತೋರಿಸಿದ. ಇಂದು ನಾವು ಹೂವಿನ ಮೇಲೆ ಸಿಂಪಡಿಸುವ ಜಿಬ್ಬರೆಲಿಕ್ ಆಮ್ಲದ ಹುಟ್ಟು ಹೀಗೆ ಭತ್ತದ ರೋಗವೊಂದರಲ್ಲಿದೆ. ಈಗಲೂ ಕಾರ್ಖಾನೆಗಳಲ್ಲಿ ಅದನ್ನು ಅದೇ ಜಾತಿಯ ಶಿಲೀಂಧ್ರದಿಂದಲೇ ತೆಗೆಯುತ್ತಾರೆ.

ಮಲೆನಾಡಿನ ಸೀಮೆಯಲ್ಲಿ ಹಾರ್ಮೋನು ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಕೆಲಸ ಮಾಡುವುದನ್ನು ನೋಡಬೇಕೆಂದರೆ ಸಾಗರ, ಸೊರಬ, ಬನವಾಸಿ ಕಡೆಯ ಅನಾನಸ್ ಹೊಲಕ್ಕೆ ಹೋಗಬೇಕು. ಅನಾನಸ್ಸನ್ನು ಅದರ ಪಾಡಿಗೆ ಬಿಟ್ಟರೆ ಒಂದು ಗಿಡ ಇಂದು, ಇನ್ನೊಂದು ಮುಂದಿನ ತಿಂಗಳು, ಮತ್ತೊಂದು ಬರುವ ವರ್ಷ ಹೂವಾಗುತ್ತದೆ. ಲಾರಿ ತುಂಬಿಸಬೇಕಾದವನಿಗೆ ಇದು ಆಗದ ಮಾತು. ಹಾಗಾಗಿ ಗಿಡಕ್ಕೆ ಮೂವತ್ತೈದು ನಲವತ್ತು ಎಲೆ ಬಂದಾಗ ಸುಳಿಗೆ ಎಥೆಫಾನ್ ಹಾಕುತ್ತಾರೆ. ಶಿಫಾರಸಿನ ಲೆಕ್ಕ ಹೀಗಿದೆ: ಹತ್ತು ಲೀಟರು ನೀರಿಗೆ 200 ಗ್ರಾಂ ಯೂರಿಯಾ, ನಾಲ್ಕು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್, ಮತ್ತು 25 ಪಿಪಿಎಂ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು) ಆಗುವಷ್ಟು ಎಥೆಫಾನ್. ಅಂಗಡಿಯಲ್ಲಿ ಸಿಗುವ ಶೇ 39ರ ದ್ರಾವಣದಲ್ಲಿ ಅದು ಮುಕ್ಕಾಲು ಮಿಲಿಲೀಟರಿಗಿಂತ ಕಡಿಮೆ! ಇಂಜೆಕ್ಷನ್ ಸಿರಿಂಜಿನಲ್ಲಿ ಅಳೆಯಬೇಕೇ ಹೊರತು ಬಾಟಲಿಯ ಮುಚ್ಚಳದಲ್ಲಲ್ಲ. ಬಕೆಟ್ಟಿನಿಂದ ಸಣ್ಣ ಲೋಟದಲ್ಲಿ 50 ಮಿಲಿಲೀಟರು ಮೊಗೆದು ಸುಳಿಯ ನಡುವೆ ಹೊಯ್ಯುತ್ತಾ ಸಾಲು ಹಿಡಿದು ಹೋದರೆ ಹತ್ತು ಲೀಟರಿಗೆ ಇನ್ನೂರು ಗಿಡ. ಸುಮಾರು ನಲವತ್ತು ದಿನ ಕಳೆದು ಅದೇ ಸಾಲಿನಲ್ಲಿ ನಡೆದರೆ ಸುಳಿಗಳ ನಡುವೆ ಕೆಂಪು ಮೂಡಿರುತ್ತದೆ, ಹೆಚ್ಚುಕಡಿಮೆ ಎಲ್ಲ ಗಿಡಗಳಲ್ಲೂ ಒಟ್ಟಿಗೆ.

ಎಥೆಫಾನ್ ಮಾಡುವುದಿಷ್ಟೇ. ಹುಳಿ ದ್ರಾವಣದಲ್ಲಿ ಅದು ಸುಮ್ಮನಿರುತ್ತದೆ. ಹುಳಿ ಕಡಿಮೆಯಾದೊಡನೆ ಒಡೆದು ಎಥಿಲೀನ್ ಅನಿಲ ಬಿಡುತ್ತದೆ. ಆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕುವುದು ಇದೇ ಕಾರಣಕ್ಕೆ. ಬೆರೆಸಿಟ್ಟು ಮಧ್ಯಾಹ್ನದ ಊಟ ಮುಗಿಸಿ ಬಂದು ಹೊಯ್ದರೆ ಅನಿಲವೆಲ್ಲ ಬಕೆಟ್ಟಿನಿಂದಲೇ ಹಾರಿಹೋಗಿರುತ್ತದೆ, ಗಿಡಕ್ಕೆ ಸಿಗುವುದು ಯೂರಿಯಾ ನೀರು. ಈ ಗುಟ್ಟು ಮೊದಲು ಬಯಲಾದದ್ದು ಹೊಗೆಯಿಂದ. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಗಾಜಿನ ಮನೆಯೊಳಗೆ ಅನಾನಸ್ ಬೆಳೆಯುತ್ತಿದ್ದವರು ಹೊಗೆ ತುಂಬಿದ ಮನೆಯ ಗಿಡಗಳೆಲ್ಲ ಒಟ್ಟಿಗೆ ಹೂವಾದದ್ದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಗಮನಿಸಿದ್ದರು. ಹೊಗೆಯಲ್ಲಿ ಕೆಲಸ ಮಾಡಿದ್ದು ಎಥಿಲೀನ್ ಎಂದು 1930ರ ದಶಕದಲ್ಲಿ ಪೋರ್ಟೊ ರಿಕೊದಲ್ಲಿ ತಿಳಿಯಿತು.

ಅನಾನಸ್ಸಿನಲ್ಲಿ ಇಷ್ಟು ಸಲೀಸಾದ ಮೇಲೆ ಮಲ್ಲಿಗೆಯಲ್ಲೂ ಸೇವಂತಿಗೆಯಲ್ಲೂ ಏಕೆ ಆಗದು ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲೇ ಎಡವುವುದು. ಎಥಿಲೀನ್ ಅನಾನಸ್ಸಿಗೆ ಹೂವಿನ ಕರೆ. ಕಾರ್ನೇಷನ್‌ನಂಥ ಹೂವಿಗೆ ಅದೇ ಅನಿಲ ಮುದುಡುವ ಸೂಚನೆ. ಜಿಬ್ಬರೆಲಿನ್ನೂ ಹಾಗೆಯೇ. ಚೈನಾ ಆಸ್ಟರ್, ಸೇವಂತಿಗೆಗಳ ಮೇಲೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಮಾಡಿದ ಅನೇಕ ಪ್ರಯೋಗಗಳಲ್ಲಿ 100ರಿಂದ 200 ಪಿಪಿಎಂ ಜಿಬ್ಬರೆಲಿಕ್ ಆಮ್ಲ ಕಾಂಡವನ್ನು ಉದ್ದ ಮಾಡಿದೆ, ಹೂವನ್ನು ಬೇಗ ತಂದಿದೆ, ಸಂಖ್ಯೆಯನ್ನೂ ಹೆಚ್ಚಿಸಿದೆ. ಅದನ್ನೇ ಮಾವಿಗೆ ಹೊಡೆದರೆ ಹೂವು ತಡೆಯುತ್ತದೆ. ಮಾವಿನವರು ಬುಡಕ್ಕೆ ಹೊಯ್ಯುವ ಪ್ಯಾಕ್ಲೊಬುಟ್ರಜಾಲ್ ಮಾಡುವ ಕೆಲಸವೇ ಮರದೊಳಗೆ ಜಿಬ್ಬರೆಲಿನ್ ತಯಾರಾಗದಂತೆ ನೋಡಿಕೊಳ್ಳುವುದು. ಈ ಪ್ಯಾಕ್ಲೊಬುಟ್ರಜಾಲ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದನ್ನು ಮನೆಯಂಗಳದ ಹೂಗಿಡಗಳಿಗೆ ತಂದು ಸುರಿಯುವವರು ನೆನಪಿಡಬೇಕು. ನಾಳೆ ಅದೇ ಮಡಿಯಲ್ಲಿ ಹರಿವೆ ಸೊಪ್ಪು ಹಾಕುವವರೂ ನಾವೇ ತಾನೆ.

ಬಾಟಲಿ ಬರುವ ಮೊದಲಿನಿಂದಲೇ ಮಲೆನಾಡಿನ ಕೈಗಳು ಹಾರ್ಮೋನು ಆಡಿಸುವುದನ್ನು ಬಲ್ಲವು. ಡೇರೆ ಹೂವನ್ನೇ ನೋಡಿ. ಮೆಕ್ಸಿಕೊದಿಂದ ಹೊರಟು ಲೋಕ ಸುತ್ತಿದ ಈ ಗಿಡ ಹೊಸನಗರ, ಸಾಗರದ ಮನೆಗಳ ಅಂಗಳದಲ್ಲಿ ಮನೆಮಗಳಾಗಿ ಕೂತುಬಿಟ್ಟಿದೆ. ಮಳೆಗಾಲದ ಮೊದಲು ಗಡ್ಡೆ ನೆಡುತ್ತಾರೆ. ಗಿಡ ಮೊಣಕಾಲೆತ್ತರಕ್ಕೆ ಬರುವ ಮುಂಚೆಯೇ ಮನೆಯ ಹೆಂಗಸರು ಹೆಬ್ಬೆರಳು ತೋರುಬೆರಳಿನ ಉಗುರಿನಲ್ಲಿ ತುದಿಯ ಕುಡಿಯನ್ನು ಚಿವುಟುತ್ತಾರೆ. ಕೆಲವೇ ದಿನಗಳಲ್ಲಿ ಕೆಳಗಿನ ಎಲೆಕಂಕುಳಿನಿಂದ ಎರಡು, ನಾಲ್ಕು ಕವಲು. ಮೊಗ್ಗು ಬರುವ ಕಾಲಕ್ಕೆ ಕೆಲಸ ತಿರುಗುಮುರುಗಾಗುತ್ತದೆ. ಒಂದು ತುದಿಯಲ್ಲಿ ಮೂರು ಮೊಗ್ಗು ಬಂದರೆ ಪಕ್ಕದ ಎರಡನ್ನು ಮುರಿದು ನಡುವಿನದೊಂದನ್ನು ಉಳಿಸುತ್ತಾರೆ. ಆ ಒಂದು ತಟ್ಟೆಯಗಲವಾಗಿ ಅರಳಿ ದಾರಿಹೋಕರನ್ನು ನಿಲ್ಲಿಸುತ್ತದೆ. ಗಡ್ಡೆ ಕೊಡುತ್ತೀರಾ ಎಂದು ಕೇಳಿದರೆ ಕೊಡುವವರೂ ಉಂಟು, ‘ಈ ಸಲ ಕೊಳೆತು ಹೋಯ್ತು ಮಾರಾಯ್ತಿ’ ಎನ್ನುವವರೂ ಉಂಟು.

ತುದಿಯ ಕುಡಿ ಆಕ್ಸಿನ್ ತಯಾರಿಸಿ ಕೆಳಕ್ಕೆ ಕಳಿಸುತ್ತಿರುತ್ತದೆ. ಅದು ಬರುತ್ತಿರುವವರೆಗೆ ಪಕ್ಕದ ಕಣ್ಣುಗಳು ಮಲಗಿರುತ್ತವೆ. ತುದಿ ಹೋಯಿತೋ, ಬೇರಿನಿಂದ ಮೇಲೇರುವ ಸೈಟೊಕೈನಿನ್ ಎಂಬ ಹಾರ್ಮೋನಿನ ಕೈ ಮೇಲಾಗಿ ಕಣ್ಣುಗಳು ಏಳುತ್ತವೆ. ಎಳನೀರಿನಲ್ಲೂ ಈ ಸೈಟೊಕೈನಿನ್ ಇದೆ. ಪ್ರಯೋಗಾಲಯಗಳಲ್ಲಿ ಅಂಗಾಂಶ ಬೆಳೆಸುವವರು 1940ರ ದಶಕದಿಂದಲೇ ಅದನ್ನು ಬಳಸಿದ್ದಾರೆ, ಸಾವಯವದವರು ಮಜ್ಜಿಗೆಯೊಂದಿಗೆ ಹುಳಿಬರಿಸಿ ಸಿಂಪಡಿಸುತ್ತಾರೆ. ವೆನಿಲ್ಲಾದ ಹುಚ್ಚು ಹತ್ತಿದ್ದ ವರ್ಷಗಳಲ್ಲಿ ಹೂ ಬರುವ ಕಾಲಕ್ಕೆ ಮುಂಚೆ ಬಳ್ಳಿಯ ತುದಿ ಕತ್ತರಿಸುತ್ತಿದ್ದದ್ದು ಇಲ್ಲಿನ ತೋಟಗಾರರಿಗೆ ನೆನಪಿರಬೇಕು. 

ದುಂಡುಮಲ್ಲಿಗೆಯಲ್ಲಿ ಈ ತತ್ವ ನೇರ ದುಡ್ಡಾಗುತ್ತದೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹೊಸ ಕವಲು ಹೆಚ್ಚಿದಷ್ಟೂ ಮೊಗ್ಗು ಹೆಚ್ಚು. ಅದಕ್ಕೇ ಚಳಿಗಾಲದಲ್ಲಿ ಗಿಡ ಸವರಿ, ಎಲೆ ಉದುರಿಸಿ, ನೀರು ಹಿಡಿದು, ಮತ್ತೆ ಗೊಬ್ಬರ ನೀರು ಕೊಡುವುದು. ಘಟ್ಟದ ಕೆಳಗೆ ಉಡುಪಿಯ ಶಂಕರಪುರದಲ್ಲಿ ಮಲ್ಲಿಗೆಯ ವ್ಯಾಪಾರವೆಲ್ಲ ಎಣಿಕೆಯ ಮೇಲೆ: 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ದಿನದ ದರ ನಿಗದಿಯಾಗುವುದು ಅಟ್ಟೆಗೆ. ಇಂಥ ಲೆಕ್ಕಾಚಾರದಲ್ಲಿ ಕವಲು ಹೆಚ್ಚಿಸುವ ಏನೇ ಆದರೂ ಬೆಳೆಗಾರನ ಕಣ್ಣು ಸೆಳೆಯುತ್ತದೆ. ಸವರಿದ ನಂತರ ಸೈಕೋಸಿಲ್ ಎಂಬ ಬೆಳವಣಿಗೆ ತಡೆಯುವ ಔಷಧಿಯನ್ನು 1000 ಪಿಪಿಎಂ ಆಸುಪಾಸಿನಲ್ಲಿ ಸಿಂಪಡಿಸಿ ಗಿಡವನ್ನು ಗಿಡ್ಡಗೆ, ಪೊದೆಯಾಗಿ ಇಡುವ ಪ್ರಯೋಗಗಳು ದಕ್ಷಿಣ ಭಾರತದಲ್ಲಿ ನಡೆದಿವೆ. ಅದು ಮಾಡುವುದೂ ಜಿಬ್ಬರೆಲಿನ್‌ಗೆ ಕಡಿವಾಣ ಹಾಕುವ ಕೆಲಸವೇ. ಸವರುವುದನ್ನು ಬಿಟ್ಟು ಅದನ್ನೇ ನೆಚ್ಚಿದರೆ ಏನೂ ಗಿಟ್ಟದು. ಕತ್ತರಿ ಮೊದಲು, ಬಾಟಲಿ ಆಮೇಲೆ.

ಇನ್ನು ಸೇವಂತಿಗೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಹೊಲಗಳಲ್ಲಿ ಸಾಲುಸಾಲಾಗಿ ಉರಿಯುವ ಬಲ್ಬುಗಳು ಕಾಣುತ್ತವೆ. ಜಾತ್ರೆಯಲ್ಲ, ಸೇವಂತಿಗೆ. ರಾತ್ರಿ ಉದ್ದವಾದಾಗ ಮಾತ್ರ ಹೂವಿಗೆ ತಿರುಗುವ ಗಿಡ ಅದು. ಬೆಳಕು ಕೊಟ್ಟು ರಾತ್ರಿಯನ್ನು ತುಂಡರಿಸಿದರೆ ಕಾಂಡ ಬೆಳೆಯುತ್ತಾ ಇರುತ್ತದೆ. ಬಲ್ಬು ಆರಿಸಿದ ಮೇಲೆ ಮೊಗ್ಗು. ಎಲೆಯಲ್ಲಿ ಹುಟ್ಟಿ ತುದಿಗೆ ಹೋಗುವ ಹೂವಿನ ಹಾರ್ಮೋನೊಂದು ಇರಲೇಬೇಕೆಂದು ಸೋವಿಯತ್ ಒಕ್ಕೂಟದ ಚೈಲಖ್ಯಾನ್ 1930ರ ದಶಕದಲ್ಲಿ ವಾದಿಸಿ, ಅದಕ್ಕೆ ಫ್ಲೋರಿಜೆನ್ ಎಂದು ಹೆಸರಿಟ್ಟ. ಎಪ್ಪತ್ತು ವರ್ಷ ಯಾರ ಕೈಗೂ ಸಿಗಲಿಲ್ಲ. ಅದೊಂದು ಪುಟ್ಟ ಪ್ರೋಟೀನು ಎಂದು 2007ರಲ್ಲಿ ಗಟ್ಟಿಯಾಯಿತು. ಬಾಟಲಿಯಲ್ಲಿ ತುಂಬಿ ಮಾರುವಂಥದ್ದಲ್ಲ, ಸಿಂಪಡಿಸಿದರೆ ಒಳಗೆ ಹೋಗುವುದೂ ಇಲ್ಲ. ‘ಹೂ ತರಿಸುವ ಹಾರ್ಮೋನ್’ ಎಂದು ಬರೆದುಕೊಂಡ ಯಾವ ಬಾಟಲಿಯಲ್ಲೂ ನಿಜವಾದ ಹೂವಿನ ಹಾರ್ಮೋನು ಇಲ್ಲ.

ಇಷ್ಟನ್ನೂ ಮಲೆನಾಡಿನ ಕವಲೇದುರ್ಗ ಕೋಟೆಯ ಬುಡಕ್ಕೆ ತಂದು ನಿಲ್ಲಿಸಿದರೆ ಎದುರಾಗುವ ಮೊದಲ ತಕರಾರು ಮಳೆಯದು. ಏಳು ಸಾವಿರ ಮಿಲಿಮೀಟರು ದಾಟುವ ಆಗುಂಬೆ, ಅದಕ್ಕೂ ಮಿಗಿಲೆನ್ನುವ ಹುಲಿಕಲ್ಲು, ಎರಡೂ ದೂರವಿಲ್ಲ. ಎಲೆಗೆ ಹೊಡೆದದ್ದು ಒಳಗಿಳಿಯಲು ಕೆಲವು ಗಂಟೆಯಾದರೂ ಬೇಕು. ಜುಲೈಯಲ್ಲಿ ಅಷ್ಟು ಹೊತ್ತು ಬಿಡುವು ಕೊಡುವ ಮಳೆ ಇಲ್ಲಿ ಬಂದರೆ ಅದೇ ಸುದ್ದಿ. ಎರಡನೆಯದು ನಿಂತ ನೀರು. ನೀರಿನಲ್ಲಿ ಅನಿಲಗಳು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಚಲಿಸುತ್ತವೆ. ಹಾಗಾಗಿ ಜೌಗಿನಲ್ಲಿ ಸಿಕ್ಕ ಬೇರಿನ ಸುತ್ತ ಅದರದೇ ಎಥಿಲೀನ್ ಹೊರಹೋಗಲಾರದೆ ಕಟ್ಟಿಕೊಳ್ಳುತ್ತದೆ. ಎಲೆ ಜೋತುಬೀಳುತ್ತದೆ, ಹಳದಿಯಾಗುತ್ತದೆ, ಮೊಗ್ಗು ಉದುರುತ್ತದೆ. ಗೊಬ್ಬರ ಕಡಿಮೆಯಾಯಿತೆಂದು ನಾವು ಇನ್ನಷ್ಟು ಸುರಿಯುತ್ತೇವೆ. ಗಿಡ ಆಗಲೇ ಹಾರ್ಮೋನಿನ ಅಮಲಿನಲ್ಲಿರುತ್ತದೆ.

ಕವಲೇದುರ್ಗದ ಕೋಟೆಯನ್ನು ಆಳಿದ ಕೆಳದಿಯ ಅರಸರಲ್ಲಿ ಶಿವಪ್ಪನಾಯಕನ ಹೆಸರು ಕಂದಾಯದ ‘ಶಿಸ್ತಿ’ನಿಂದಾಗಿ ಇಂದಿಗೂ ಜನರ ಬಾಯಲ್ಲಿದೆ. 1645ರಿಂದ 1660ರವರೆಗೆ ಆಳಿದ ಆತ ಭೂಮಿಯನ್ನು ಗುಣಕ್ಕೆ ತಕ್ಕಂತೆ ಐದು ತರಗತಿ ಮಾಡಿ, ಬೆಳೆ ನೋಡಿ ತೆರಿಗೆ ಕಟ್ಟಿಸಿದ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಅವನದೇ ಹೆಸರಿದೆ. ಬಯಲುಸೀಮೆಯ ಆಸ್ಟರ್ ಹೊಲದಲ್ಲಿ ಗೆದ್ದ 200 ಪಿಪಿಎಂ ಅನ್ನು ಮಲೆನಾಡಿನ ಮೋಡದ ಕೆಳಗೆ ಹಾಗೇ ನಂಬುವವರಿಗೆ ನಾಯಕನ ಐದು ತರಗತಿಗಳನ್ನು ನೆನಪಿಸಬೇಕೆನಿಸುತ್ತದೆ. ಒಂದೇ ಮಾಗಣೆಯೊಳಗೆ ಬೆಟ್ಟದ ನೆತ್ತಿಯ ಅಂಗಳ ಬೇರೆ, ಅಡಿಕೆ ತೋಟದ ಅಂಚಿನ ನೆರಳು ಬೇರೆ, ಗದ್ದೆಬಯಲು ಬೇರೆ.

ಹೂವಿನ ಮಾತು ಇಷ್ಟು. ಪರಿಮಳದ ಎಣ್ಣೆಗೆ ಬಂದರೆ ಆಟದ ನಿಯಮವೇ ಬದಲು. ಮಲ್ಲಿಗೆಯ ಜಾತಿಯಲ್ಲಿ ಸುಗಂಧ ಮೊದಲೇ ತುಂಬಿಟ್ಟ ಸರಕಲ್ಲ. ಮೊಗ್ಗು ಸಂಜೆ ಬಿರಿಯತೊಡಗಿದಾಗ ತಯಾರಾಗುತ್ತಾ ಆಗುತ್ತಾ ಹೊರಬೀಳುತ್ತದೆ. ಕಿತ್ತ ಮೇಲೂ ಒಂದಷ್ಟು ಹೊತ್ತು ಆ ಕೆಲಸ ನಡೆಯುತ್ತದೆ. ಫ್ರಾನ್ಸಿನ ಗ್ರಾಸ್ ಪಟ್ಟಣದವರು ಹಿಂದೆ ಕೊಬ್ಬು ಸವರಿದ ಗಾಜಿನ ಮೇಲೆ ಹೂವು ಹರಡಿ ಪರಿಮಳ ಹೀರಿಸುತ್ತಿದ್ದದ್ದು ಇದನ್ನು ತಿಳಿದೇ. ಮಾಲೆಯವರಿಗೆ ಬೇಕಾದದ್ದು ಬಿರಿಯದ ಮೊಗ್ಗು, ಎಣ್ಣೆಯವರಿಗೆ ಅರಳಿದ ಹೂ. ಸುಗಂಧಕ್ಕೆಂದೇ ಬೆಳೆಯುವ ಜಾಜಿಮಲ್ಲಿಗೆಯಲ್ಲಿ ಒಂದು ಸಾವಿರ ಕಿಲೋ ಹೂವಿಗೆ ಸಿಗುವ ‘ಕಾಂಕ್ರೀಟ್’ ಎಂಬ ಮೇಣದಂಥ ಸಾರ ಮೂರು ಕಿಲೋ ಆಸುಪಾಸು. ಶೇಕಡಾವಾರು ಇಷ್ಟು ಕಡಿಮೆ ಇರುವಲ್ಲಿ ಎಣ್ಣೆ ಹೆಚ್ಚಿಸುವ ದಾರಿಯೆಂದರೆ ಹೂವಿನ ಸಂಖ್ಯೆ ಹೆಚ್ಚಿಸುವುದು. ಇಲ್ಲಿ ಹೂವಿನವನಿಗೂ ಎಣ್ಣೆಯವನಿಗೂ ಜಗಳವಿಲ್ಲ.

ಎಲೆಯ ಬೆಳೆಗಳಲ್ಲಿ ಜಗಳವಿದೆ. ಮನೆ ಹಿತ್ತಿಲಿನ ಮಜ್ಜಿಗೆ ಹುಲ್ಲಿನ ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ನೋಡಿ. ಹೊಸಕುವವರೆಗೆ ವಾಸನೆ ಇಲ್ಲ, ಹೊಸಕಿದೊಡನೆ ನಿಂಬೆಯ ಘಮ. ಎಣ್ಣೆ ಎಲೆಯೊಳಗಿನ ಕೋಶಗಳಲ್ಲಿ ಕೂಡಿಟ್ಟಿರುತ್ತದೆ. ಪುದೀನ, ತುಳಸಿ, ಪಚೋಲಿಗಳಲ್ಲಿ ಎಲೆಯ ಮೈಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ. ಜಿಬ್ಬರೆಲಿನ್ ಹೊಡೆದು ಎಲೆ ಉದ್ದವಾದರೆ ಹುಲ್ಲಿನ ತೂಕ ಏರುತ್ತದೆ, ಆದರೆ ಎಣ್ಣೆಯ ಅಂಶ ಅದೇ ವೇಗದಲ್ಲಿ ಏರಬೇಕಲ್ಲ. ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಹತ್ತು ಟನ್ ಹುಲ್ಲಿನಲ್ಲಿ ಶೇ 0.4 ಎಣ್ಣೆ ಎಂದರೆ 40 ಕಿಲೋ. ಸಿಂಪಡಣೆಯಿಂದ ಹುಲ್ಲು ಹನ್ನೆರಡು ಟನ್ ಆಗಿ ಎಣ್ಣೆ ಶೇ 0.35ಕ್ಕೆ ಇಳಿಯಿತೆನ್ನಿ, 42 ಕಿಲೋ. ಎರಡು ಕಿಲೋ ಲಾಭ ನಿಜ. ಅದಕ್ಕಾಗಿ ಎರಡು ಟನ್ ಹುಲ್ಲನ್ನು ಹೆಚ್ಚಿಗೆ ಕೊಯ್ದು, ಹೊತ್ತು, ಭಟ್ಟಿಗೆ ತುಂಬಿ, ಸೌದೆ ಉರಿಸಬೇಕು. ಸಾಲದ್ದಕ್ಕೆ ಎಣ್ಣೆ ಕೊಳ್ಳುವವನು ತೂಕವೊಂದನ್ನೇ ನೋಡುವುದಿಲ್ಲ, ಸಿಟ್ರಾಲ್ ಎಷ್ಟಿದೆ ಎಂದು ಕೇಳುತ್ತಾನೆ. ಲಖ್ನೋದ ಸಿಮ್ಯಾಪ್ ಸಂಸ್ಥೆ, ಬೆಂಗಳೂರಿನ ಅಲ್ಲಾಳಸಂದ್ರದಲ್ಲಿರುವ ಅದರ ಕೇಂದ್ರ ಸುಗಂಧ ಬೆಳೆಗಳ ಮೇಲೆ ದಶಕಗಳಿಂದ ಕೆಲಸ ಮಾಡಿವೆ. ಅವರ ಸುಧಾರಿತ ತಳಿಯ ಒಂದು ಕಂತೆ ಬೇರುಗಡ್ಡೆ ತಂದು ನೆಡುವುದು ಈ ಬೆಳೆಯಲ್ಲಿ ಯಾವ ಟಾನಿಕ್ಕಿಗಿಂತ ಮಿಗಿಲು ಎಂಬುದು ನನ್ನ ಅಭಿಪ್ರಾಯ.

ಗಿಡಗಳು ಈ ಎಣ್ಣೆಗಳನ್ನು ಮಾಡಿಕೊಳ್ಳುವುದಾದರೂ ಯಾಕೆ? ಹೂವಿನ ಪರಿಮಳ ದುಂಬಿ ಪತಂಗಗಳನ್ನು ಕರೆಯಲು. ಎಲೆ, ಕಟ್ಟಿಗೆ, ಬೇರಿನ ಪರಿಮಳ ಬಹುಪಾಲು ಹುಳ, ಶಿಲೀಂಧ್ರಗಳನ್ನು ದೂರವಿಡಲು. ನಮಗೆ ಸುಗಂಧವಾದದ್ದು ಅವಕ್ಕೆ ಆಯುಧ. ಗಿಡ ಸುಖದಲ್ಲಿದ್ದರೆ ಆಯುಧ ಯಾತಕ್ಕೆ ಮಸೆದೀತು? ಈ ಪ್ರಶ್ನೆಗೆ ಉತ್ತರ ಸಿಕ್ಕ ದಾರಿ ಮಲ್ಲಿಗೆಯಿಂದಲೇ ಹೊರಟಿತೆಂಬುದು ಸೋಜಿಗ. 1962ರಲ್ಲಿ ಜಾಜಿಮಲ್ಲಿಗೆಯ ಎಣ್ಣೆಯಲ್ಲಿ ಮೀಥೈಲ್ ಜಾಸ್ಮೊನೇಟ್ ಎಂಬ ಪದಾರ್ಥವನ್ನು ರಸಾಯನ ವಿಜ್ಞಾನಿಗಳು ಬೇರ್ಪಡಿಸಿದರು. ಒಳ್ಳೆಯ ಘಮದ ವಸ್ತು ಎಂಬುದಷ್ಟೇ ಆಗ ಗೊತ್ತಿದ್ದದ್ದು. 1990ರಲ್ಲಿ ಅಮೆರಿಕದ ಫಾರ್ಮರ್ ಮತ್ತು ರಯಾನ್ ಒಂದು ಪ್ರಯೋಗ ಮಾಡಿದರು. ಈ ಪದಾರ್ಥವನ್ನು ಸೂಸುವ ಕುರುಚಲು ಗಿಡದ ರೆಂಬೆಯನ್ನು ಟೊಮೆಟೊ ಸಸಿಯ ಜೊತೆ ಒಂದೇ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹುಳ ಮುಟ್ಟದ, ಗಾಯವಾಗದ ಟೊಮೆಟೊ, ಹುಳಗಳ ಜೀರ್ಣಶಕ್ತಿ ಕೆಡಿಸುವ ಪ್ರೋಟೀನುಗಳನ್ನು ತಯಾರಿಸತೊಡಗಿತು, ಬರೀ ಗಾಳಿಯಲ್ಲಿ ಬಂದ ವಾಸನೆಗೆ! ಜಾಸ್ಮೊನೇಟ್ ಎಂಬುದು ಗಾಯದ ಹಾರ್ಮೋನು. ಅದನ್ನು ಅತಿ ಕಡಿಮೆ ಪ್ರಮಾಣದಲ್ಲಿ ಸಿಂಪಡಿಸಿ ತುಳಸಿಯ ಜಾತಿಗಳಲ್ಲಿ ಎಣ್ಣೆಯ ಗ್ರಂಥಿಗಳನ್ನು ಹೆಚ್ಚಿಸಿದ ಪ್ರಯೋಗಗಳಿವೆ. ಹೆಚ್ಚಾಯಿತೋ, ಗಿಡ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಬೆಳವಣಿಗೆಗೂ ಕಾವಲಿಗೂ ಖರ್ಚು ಮಾಡಬೇಕಾದ ಗಂಟು ಒಂದೇ.

ಗಾಯದಿಂದ ಪರಿಮಳ ಹುಟ್ಟುವುದನ್ನು ಮಲೆನಾಡಿಗರು ಈಗ ತಮ್ಮ ತೋಟದಲ್ಲೇ ನೋಡುತ್ತಿದ್ದಾರೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಅಡಿಕೆ, ಕಾಫಿಯ ನಡುವೆ ಅನೇಕರು ಅಗರ್‌ವುಡ್ ಮರ ಹಾಕಿದ್ದಾರೆ. ಆರೋಗ್ಯವಾಗಿ ಬೆಳೆದ ಅಗರು ಮರವನ್ನು ಕಡಿದರೆ ಸಿಗುವುದು ಬಿಳಿಯ, ಹಗುರದ, ವಾಸನೆಯಿಲ್ಲದ ಕಟ್ಟಿಗೆ. ಒಲೆಗೂ ಅಷ್ಟಕ್ಕಷ್ಟೆ. ಕಾಡಿನಲ್ಲಿ ಕೊಂಬೆ ಮುರಿದು, ಹುಳ ಕೊರೆದು, ಶಿಲೀಂಧ್ರ ಹೊಕ್ಕಾಗ ಮರ ಕಪ್ಪು ರಾಳವನ್ನು ತುಂಬಿ ಆ ಜಾಗವನ್ನು ಮುಚ್ಚಿಕೊಳ್ಳುತ್ತದೆ. ಆ ರಾಳವೇ ಊದ್. ತೋಟದಲ್ಲಿ ಇದೇ ಕೆಲಸವನ್ನು ಡ್ರಿಲ್ ಮಾಡುತ್ತದೆ. ಕಾಂಡದುದ್ದಕ್ಕೂ ತೂತು ಕೊರೆದು ಶಿಲೀಂಧ್ರದ ದ್ರಾವಣ ಸೇರಿಸಿ, ವರ್ಷಗಟ್ಟಲೆ ಕಾಯುತ್ತಾರೆ. ಇನಾಕ್ಯುಲೇಷನ್ ಎಂದು ಇದನ್ನು ಕರೆಯುವುದು ಈಗ ಹಳ್ಳಿಯವರಿಗೂ ರೂಢಿಯಾಗಿದೆ. ಜಪಾನಿನಲ್ಲಿ ಅಗರಿನ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಮೀಥೈಲ್ ಜಾಸ್ಮೊನೇಟ್ ಹಾಕಿದಾಗ, ಡ್ರಿಲ್ಲೂ ಇಲ್ಲದೆ ಶಿಲೀಂಧ್ರವೂ ಇಲ್ಲದೆ ಊದ್‌ನ ಜಾತಿಯ ಸುಗಂಧ ಪದಾರ್ಥಗಳು ಕಾಣಿಸಿಕೊಂಡವು. ಮರ ಪ್ರತಿಕ್ರಿಯಿಸುವುದು ಗಾಯದ ಸುದ್ದಿಗೆ ಎಂಬುದು ಇದರಿಂದ ಖಚಿತ. ಆದರೆ ಪಾತ್ರೆಯಲ್ಲಿ ಆದದ್ದು ಮರದಲ್ಲಿ ಎಷ್ಟು ಆಗುತ್ತದೆ, ಎಷ್ಟು ವರ್ಷಕ್ಕೆ, ಯಾವ ದರ್ಜೆಯದು ಎಂಬುದು ಬೇರೆ ಲೆಕ್ಕ. ಸಸಿ ಮಾರುವವರ ಕರಪತ್ರದಲ್ಲಿ ಈ ಎರಡು ಲೆಕ್ಕಗಳು ಒಂದೇ ಪುಟದಲ್ಲಿ ಕೂಡಿಕೊಂಡಿರುತ್ತವೆ, ಓದುವಾಗ ಬಿಡಿಸಿಕೊಳ್ಳಬೇಕು. ಊದ್ ಕೊಡುವ ಈ ಅಗರು ಮರ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಹೊರದೇಶಕ್ಕೆ ಕಳಿಸಲು ಕಾಗದಪತ್ರ ಬೇಕು ಎಂಬುದನ್ನೂ ಅಲ್ಲೇ ಸೇರಿಸಿಕೊಳ್ಳಿ.

ಶ್ರೀಗಂಧದ್ದೂ ಇದೇ ಮನೆತನದ ಕತೆ. ಶಿವಮೊಗ್ಗೆಯಲ್ಲಿ 1944ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದಾಗ ಮರಕ್ಕೆ ಕಾಡೇ ಆಧಾರ. ಸಾಗರ ಸೊರಬದಲ್ಲಿ ಗಂಧ ಕೆತ್ತುವ ಗುಡಿಗಾರರ ಉಳಿಗೂ ಅದೇ. 2001ರ ಅರಣ್ಯ ಕಾಯ್ದೆ ತಿದ್ದುಪಡಿಯಿಂದ ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯನಾದ. ಆದರೆ ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕೂರಲು ಹತ್ತು ಹದಿನೈದು ವರ್ಷ ಕಾಯಬೇಕು. ಕಾಯಲಾರದವರಿಗಾಗಿ ಚೀನಾದಲ್ಲಿ ಎಳೆಯ ಗಂಧದ ಕಾಂಡಕ್ಕೆ ಎಥಿಲೀನ್ ಬಿಡುವ ದ್ರಾವಣ, ಜಾಸ್ಮೊನೇಟ್, ಸೈಟೊಕೈನಿನ್‌ಗಳನ್ನು ಚುಚ್ಚಿ ಚೇಗು ಬೇಗ ಬರಿಸುವ ಪ್ರಯೋಗಗಳು ನಡೆದಿವೆ. ಚುಚ್ಚಿದ ಜಾಗದ ಸುತ್ತ ಬಣ್ಣ ತಿರುಗುವುದೂ, ಎಣ್ಣೆಯ ಅಂಶಗಳು ಕಾಣುವುದೂ ನಿಜ. ಇಡೀ ಮರದ ಚೇಗಿಗೆ ಅದು ಸಾಟಿಯೇ ಎಂದು ನನ್ನನ್ನು ಕೇಳಿದರೆ, ನನ್ನ ಜಮೀನಿನ ಮರಕ್ಕೆ ನಾನಂತೂ ಚುಚ್ಚಿಸಲಾರೆ.

ಹಾಗಾದರೆ ಅಂಗಡಿಯ ಕಪಾಟಿನಿಂದ ಇಲ್ಲಿಯ ಹೂವು ಸುಗಂಧದವರು ಏನನ್ನೂ ತರಬಾರದೇ? ಎರಡು ಮೂರನ್ನು ಧಾರಾಳವಾಗಿ ತರಬಹುದು. ಮಲ್ಲಿಗೆಯ ತುಂಡು ನೆಡುವವರಿಗೆ ಬೇರು ಬರಿಸುವ ಆಕ್ಸಿನ್ ಪುಡಿ ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ. ತುಂಡಿನ ಬುಡ ಒದ್ದೆ ಮಾಡಿ, ಪುಡಿಗೆ ತಾಗಿಸಿ, ಹೆಚ್ಚಿನದನ್ನು ಕೊಡವಿ, ಮರಳಿನಲ್ಲಿ ಊರಿದರೆ ಸತ್ತುಹೋಗುವ ತುಂಡುಗಳು ಕಡಿಮೆಯಾಗುತ್ತವೆ. ಅನಾನಸ್ಸಿಗೆ ಎಥೆಫಾನ್ ಹೇಗೂ ಇದೆ. ಮಳೆ ಕಳೆದ ಮೇಲೆ ಬೆಳೆಯುವ ಸೇವಂತಿಗೆ, ಆಸ್ಟರಿಗೆ ಜಿಬ್ಬರೆಲಿಕ್ ಆಮ್ಲವನ್ನು ಪರೀಕ್ಷಿಸಿ ನೋಡಬಹುದು. ಪುಡಿಯ ರೂಪದ್ದು ನೀರಿನಲ್ಲಿ ಸುಲಭಕ್ಕೆ ಕರಗದು. ಮೊದಲು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕರಗಿಸಿ ಆಮೇಲೆ ನೀರಿಗೆ ಹಾಕಬೇಕು. ಹತ್ತು ಲೀಟರಿಗೆ ಒಂದು ಗ್ರಾಂ ಅಸಲು ಪದಾರ್ಥವೆಂದರೆ 100 ಪಿಪಿಎಂ, ಅದಕ್ಕಿಂತ ದೊಡ್ಡ ಗಣಿತ ಬೇಕಿಲ್ಲ. ಗಿಡ ಎಳೆಯದಿದ್ದಾಗ, ಮೊಗ್ಗು ಕಾಣುವ ಮೊದಲು, ಸಂಜೆಯ ತಂಪಿನಲ್ಲಿ. ಅರಳಿದ ಹೂವಿನ ಮೇಲೆ ಹೊಡೆದರೆ ದುಡ್ಡು ದಂಡ.

ಹೊಡೆಯುವಾಗ ಒಂದು ಸಾಲು ಬಿಡಿ. ಬಿಟ್ಟ ಸಾಲಿಗೂ ಅದೇ ದಿನ ಅದೇ ಪಂಪಿನಿಂದ ಬರೀ ನೀರು ಸಿಂಪಡಿಸಿ, ಗೊಬ್ಬರ ಎರಡಕ್ಕೂ ಒಂದೇ ಇರಲಿ. ಹೂವಾದರೆ ಎರಡೂ ಸಾಲಿನದನ್ನು ಬೇರೆ ಬೇರೆ ಬುಟ್ಟಿಗೆ ಕೊಯ್ದು ಎಣಿಸಿ. ಹುಲ್ಲಾದರೆ ಎರಡನ್ನೂ ಬೇರೆ ಬೇರೆ ಭಟ್ಟಿ ಇಳಿಸಿ, ಹುಲ್ಲನ್ನಲ್ಲ, ಎಣ್ಣೆಯನ್ನು ತೂಗಿ. ವ್ಯತ್ಯಾಸದಿಂದ ಬಂದ ದುಡ್ಡು ಬಾಟಲಿಯ ಬೆಲೆ ಮತ್ತು ಆಳಿನ ಕೂಲಿಗಿಂತ ಕಡಿಮೆಯಿದ್ದರೆ, ಮುಂದಿನ ವರ್ಷ ಅಷ್ಟೇ ಹಣದಲ್ಲಿ ಮಳೆಗೆ ಮುಂಚೆ ಬಸಿಗಾಲುವೆಯ ಹೂಳನ್ನಾದರೂ ತೆಗೆಸಬಹುದು.